ಬಳಸಿದ ಸ್ಪೋರ್ಟ್ಸ್ ಕಾರಿನ ಎಂಜಿನ್ ಪರೀಕ್ಷಿಸುವುದು ಹೇಗೆ: ಕೊಳ್ಳುವ ಮುನ್ನ ಮತ್ತು ಕೊಂಡ ನಂತರ

ಬಳಸಿದ ಸ್ಪೋರ್ಟ್ಸ್ ಕಾರನ್ನು ನೋಡಲು ಹೋದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಒಂದು, ಈ ಮಾದರಿಯ ಎಂಜಿನ್ ಗಟ್ಟಿಯೇ ಎಂಬುದು ಇನ್ನೊಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ ಆದರೂ, ಕಣ್ಣೆದುರು ನಿಂತಿರುವ ಆ ಒಂದು ಕಾರಿನ ಬಗ್ಗೆ ಅವುಗಳ ಉತ್ತರ ಹೇಳುವುದು ತೀರ ಕಡಿಮೆ. ಕಾಲಕಾಲಕ್ಕೆ ಆಯಿಲ್ ಬದಲಿಸಿಕೊಂಡು, ಪ್ರತಿ ಬಾರಿಯೂ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಜೋರಾಗಿ ಓಡಿಸಿದ 1,50,000 ಕಿ.ಮೀ. ಕಾರು, ವರ್ಷಗಟ್ಟಲೆ ಅದೇ ಆಯಿಲ್‌ನಲ್ಲಿ ನಿಂತು, ಸ್ಟಾರ್ಟ್ ಮಾಡಿದ ಮರುಕ್ಷಣವೇ ಕೆಂಪು ಗೆರೆಯವರೆಗೆ (ಎಂಜಿನ್ ತಿರುಗುವ ವೇಗದ ಗರಿಷ್ಠ ಮಿತಿಯವರೆಗೆ) ಎಳೆಸಿಕೊಂಡ 40,000 ಕಿ.ಮೀ. ಕಾರಿಗಿಂತ ಆರೋಗ್ಯವಾಗಿರುವುದು ಅಪರೂಪವೇನಲ್ಲ. ಎಂಜಿನ್‌ನ ಬಾಳಿಕೆ ನಿಂತಿರುವುದು ಅದರ ಆಯಿಲ್‌ನ ಚರಿತ್ರೆಯ ಮೇಲೆ ಎಂಬುದು ನನ್ನ ದೃಢವಾದ ನಂಬಿಕೆ. ಮುಂದೆ ವಿವರಿಸಿರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಆ ಚರಿತ್ರೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಓದುವ ಪ್ರಯತ್ನಗಳೇ ಆಗಿವೆ.

ಸಾಮಾನ್ಯ ಕಾರಿಗಿಂತ ಸ್ಪೋರ್ಟ್ಸ್ ಕಾರಿನಲ್ಲಿ ಈ ಮಾತು ಏಕೆ ಹೆಚ್ಚು ಮುಖ್ಯ ಎಂಬುದಕ್ಕೆ ಸರಳವಾದ ಭೌತಿಕ ಕಾರಣವಿದೆ. ಎಂಜಿನ್‌ನ ಸಿಲಿಂಡರ್‌ನೊಳಗೆ ಚಲಿಸುವ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಮೇಲಕ್ಕೆ ಹೋಗಿ, ನಿಂತು, ಮತ್ತೆ ಕೆಳಗಿಳಿಯಬೇಕು. ಹಾಗೆ ನಿಲ್ಲಿಸಿ ತಿರುಗಿಸಲು ಬೇಕಾಗುವ ಬಲ ಎಂಜಿನ್‌ನ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿ ಏರುತ್ತದೆ. 6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6,000 ಸುತ್ತು), ಪಿಸ್ಟನ್ ಅನ್ನು ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತಾಳಿಕೊಳ್ಳುವ ಆ ಬಲ 9,000 ಆರ್‌ಪಿಎಂ ತಲುಪುವಷ್ಟರಲ್ಲಿ ಎರಡೂಕಾಲು ಪಟ್ಟಾಗುತ್ತದೆ. ಈ ಭಾರವನ್ನೆಲ್ಲ ಹೊರುವುದು ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್‌ಗಳ ನಡುವೆ ಇರುವ, ಕೂದಲೆಳೆಗಿಂತಲೂ ಎಷ್ಟೋ ತೆಳುವಾದ ಆಯಿಲ್ ಪದರ. ಅದು ಒಂದು ಕ್ಷಣ ಹರಿದರೂ ಲೋಹಕ್ಕೆ ಲೋಹ ತಾಗುತ್ತದೆ, ಮತ್ತು ಆ ಗಾಯ ಮತ್ತೆ ಮಾಯುವಂಥದ್ದಲ್ಲ.

ಮೊದಲ ಹಂತ: ಆ ಎಂಜಿನ್ ಎಲ್ಲಿ ಕೈಕೊಡುತ್ತದೆ ಎಂದು ತಿಳಿದುಕೊಳ್ಳುವುದು

ಕಾರು ನೋಡಲು ಹೊರಡುವ ಮುನ್ನವೇ ಈ ಕೆಲಸ ಮುಗಿದಿರಬೇಕು. ಪ್ರತಿಯೊಂದು ಎಂಜಿನ್‌ಗೂ ಅದರದೇ ಆದ ದುರ್ಬಲ ಜಾಗವಿರುತ್ತದೆ. ಒಂದು ಎಂಜಿನ್‌ನಲ್ಲಿ ಅಪಾಯದ ಸೂಚನೆಯಾದದ್ದು ಇನ್ನೊಂದರಲ್ಲಿ ಸಹಜ ಸ್ವಭಾವವೇ ಆಗಿರಬಹುದು.

ಮಾಜ್ಡಾ ಆರ್‌ಎಕ್ಸ್-8 ಇದಕ್ಕೆ ಒಳ್ಳೆಯ ಉದಾಹರಣೆ. ಅದರ 1.3 ಲೀಟರ್ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್‌ಗಳೇ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳ ತುದಿಗಳಲ್ಲಿರುವ ಅಪೆಕ್ಸ್ ಸೀಲ್‌ಗಳೇ ಅಲ್ಲಿ ಪಿಸ್ಟನ್ ರಿಂಗ್‌ಗಳ, ಅಂದರೆ ಅನಿಲ ಸೋರದಂತೆ ತಡೆಯುವ, ಕೆಲಸ ಮಾಡುತ್ತವೆ. ಆ ಸೀಲ್‌ಗಳಿಗೆ ಜಾರುಗುಣ ಒದಗಿಸಲು ಎಂಜಿನ್ ತಾನೇ ಸ್ವಲ್ಪ ಸ್ವಲ್ಪವಾಗಿ ಆಯಿಲ್ ಚಿಮುಕಿಸಿ ಸುಡುತ್ತದೆ. ಆದ್ದರಿಂದ ಈ ಕಾರು ಆಯಿಲ್ ಕುಡಿಯುತ್ತದೆ ಎಂದು ದೂರುವುದರಲ್ಲಿ ಅರ್ಥವಿಲ್ಲ. ಕುಡಿಯುವುದೇ ಇಲ್ಲ ಎಂದು ಮಾರುವವರು ಹೇಳಿದರೆ ಆಗ ಚಿಂತಿಸಬೇಕು. ಬಿಸಿಯಾಗಿರುವಾಗ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಬಹಳ ಹೊತ್ತು ಹಿಡಿಯುತ್ತಿದ್ದರೆ ಅದು ಕಂಪ್ರೆಶನ್ (ಒಳಗಿನ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ) ಕುಸಿದಿರುವ ಲಕ್ಷಣ. ಸಾಮಾನ್ಯ ಕಂಪ್ರೆಶನ್ ಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಪ್ರತಿ ರೋಟರ್‌ನ ಮೂರೂ ಮುಖಗಳನ್ನು ಬೇರೆಬೇರೆಯಾಗಿ ಅಳೆಯುವ ರೋಟರಿ ಉಪಕರಣವೇ ಬೇಕಾಗುತ್ತದೆ. ಅದು ಇರುವ ಕಡೆಗೆ ಕಾರನ್ನು ಕೊಂಡೊಯ್ಯಲು ಮಾಲೀಕರು ಒಪ್ಪದಿದ್ದರೆ ಆ ಕಾರನ್ನು ಬಿಟ್ಟುಬಿಡುವುದೇ ಸರಿ.

1990ರ ದಶಕದ ಕೊನೆಯಲ್ಲಿ ಬಂದ ಪೋರ್ಷೆ ಬಾಕ್ಸ್‌ಟರ್ ಮತ್ತು 996 ಸರಣಿಯ 911 ಕಾರುಗಳ ಕತೆ ಬೇರೆ. ಅವುಗಳ ಎಂ96 ಎಂಜಿನ್‌ನಲ್ಲಿ ವಾಲ್ವ್‌ಗಳನ್ನು (ಗಾಳಿ ಮತ್ತು ಹೊಗೆಯ ದಾರಿಗಳ ಕವಾಟಗಳನ್ನು) ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ಓಡಿಸುವ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಒಂದು ತುದಿ ಮುಚ್ಚಿದ ಬಾಲ್ ಬೇರಿಂಗ್ ಮೇಲೆ ನಿಂತಿದೆ. ಎಲ್ಲ ಕಾರುಗಳಲ್ಲೂ ಅದು ಕೆಡುತ್ತದೆ ಎಂದೇನಿಲ್ಲ. ಆದರೆ ಕೆಟ್ಟರೆ ಲೋಹದ ಚೂರುಗಳು ಆಯಿಲ್‌ನೊಂದಿಗೆ ಎಂಜಿನ್ ತುಂಬ ಹರಡುತ್ತವೆ, ವಾಲ್ವ್ ಮತ್ತು ಪಿಸ್ಟನ್‌ಗಳ ನಡುವಿನ ಹೊಂದಾಣಿಕೆ (ಟೈಮಿಂಗ್) ತಪ್ಪುತ್ತದೆ, ಇಡೀ ಎಂಜಿನ್ ಹೋಗುತ್ತದೆ. ಆರಂಭದ ವರ್ಷಗಳ ಎರಡು ಸಾಲಿನ ಬೇರಿಂಗ್‌ಗಿಂತ ನಂತರ ಬಂದ ಒಂದು ಸಾಲಿನ ಬೇರಿಂಗ್ ಹೆಚ್ಚು ದುರ್ಬಲ. ಇಂಥ ಕಾರಿನಲ್ಲಿ ಬೇರಿಂಗ್ ಬದಲಿಸಿದ ರಸೀದಿ ಇದೆಯೇ ಎಂದು ಮೊದಲು ಕೇಳಬೇಕು. ಕ್ಲಚ್ ಬದಲಿಸುವಾಗಲೇ ಆ ಕೆಲಸವನ್ನೂ ಮಾಡಿಸಬಹುದಾದ್ದರಿಂದ ಎಚ್ಚರವುಳ್ಳ ಮಾಲೀಕರು ಎರಡನ್ನೂ ಒಟ್ಟಿಗೆ ಮಾಡಿಸಿರುತ್ತಾರೆ. ಅದೇ ಕಾಲದ 911 ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ ಬೇರೆ ವಂಶದ್ದು. ಈ ದೋಷ ಅವಕ್ಕಿಲ್ಲ. ಒಂದೇ ಹೆಸರಿನ ಕಾರುಗಳೊಳಗೂ ಎಂಜಿನ್ ಯಾವುದೆಂದು ನೋಡಬೇಕು ಎನ್ನುವುದು ಇದಕ್ಕಾಗಿಯೇ.

ಬಿಎಂಡಬ್ಲ್ಯು ಎಂ3 ಕೊಳ್ಳುವವರು ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನು ಕುರಿತು ಯೋಚಿಸಬೇಕು. 3.2 ಲೀಟರ್‌ನ ಎಸ್54 ಹಾಗೂ 4 ಲೀಟರ್ ವಿ8 ಆದ ಎಸ್65 ಎಂಜಿನ್‌ಗಳೆರಡೂ 8,000 ಆರ್‌ಪಿಎಂವರೆಗೆ ಅಥವಾ ಅದಕ್ಕೂ ಮೇಲೆ ತಿರುಗುತ್ತವೆ, ಎರಡರಲ್ಲೂ ಈ ಬೇರಿಂಗ್‌ಗಳು ಬೇಗ ಸವೆದ ಪ್ರಕರಣಗಳು ಸಾಕಷ್ಟಿವೆ. ಸುಬಾರು ಇಂಪ್ರೆಜಾದ 2.5 ಲೀಟರ್ ಟರ್ಬೊ (ಹೆಚ್ಚು ಗಾಳಿಯನ್ನು ಒತ್ತಿ ತುಂಬುವ) ಎಂಜಿನ್‌ನಲ್ಲಿ ಪಿಸ್ಟನ್‌ನ ರಿಂಗ್‌ಗಳ ನಡುವಿನ ಏಣು ಬಿರುಕು ಬಿಡುವುದುಂಟು. 2012ರಲ್ಲಿ ಬಂದ ಟೊಯೊಟಾ 86 ಮತ್ತು ಸುಬಾರು ಬಿಆರ್‌ಜೆಡ್ ಜೋಡಿಯ ಆರಂಭದ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ದೋಷಕ್ಕಾಗಿ ಕಂಪನಿಗಳು 2018ರಲ್ಲಿ ಹಿಂದಕ್ಕೆ ಕರೆಸಿಕೊಂಡವು. ಆ ಕೆಲಸಕ್ಕೆ ಎಂಜಿನ್ ಇಳಿಸಬೇಕಾದ್ದರಿಂದ, ಮಾಡಿಸಿದ್ದಾರೆಯೇ ಎಂಬುದಷ್ಟೇ ಅಲ್ಲ, ಮಾಡಿದ ಮೇಲೆ ಕಾರು ಎಷ್ಟು ಸಾವಿರ ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದೆ ಎಂಬುದನ್ನೂ ಕೇಳಬೇಕು.

ಗಟ್ಟಿತನಕ್ಕೆ ಹೆಸರಾದ ಎಂಜಿನ್‌ಗಳನ್ನೂ ಕಣ್ಣುಮುಚ್ಚಿ ನಂಬಲಾಗದು. 1999ರಲ್ಲಿ ಬಂದ ಹೋಂಡಾ ಎಸ್ 2000 ಕಾರಿನ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ 9,000 ಆರ್‌ಪಿಎಂವರೆಗೆ ತಿರುಗುತ್ತಿತ್ತು, ಮತ್ತು ಸರಿಯಾಗಿ ನೋಡಿಕೊಂಡರೆ ಲಕ್ಷಾಂತರ ಕಿಲೋಮೀಟರ್ ಬಾಳುತ್ತದೆ. ಆದರೆ ಅತಿ ವೇಗದಲ್ಲಿ ನಾಲ್ಕನೇ ಗೇರ್‌ಗೆ ಇಳಿಸಬೇಕಾದವರು ತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ ಅನ್ನು ಮಿತಿಮೀರಿ ತಿರುಗಿಸುತ್ತವೆ. ಪೆಟ್ರೋಲ್ ಕಡಿತಗೊಳಿಸುವ ರೆವ್ ಲಿಮಿಟರ್ ಆಗ ಏನನ್ನೂ ಮಾಡಲಾರದು. ವಾಲ್ವ್ ಸ್ಪ್ರಿಂಗ್‌ಗಳನ್ನು ಹಿಡಿದಿಡುವ ರಿಟೇನರ್‌ಗಳು ಹೀಗೆ ಸೀಳಿ, ತಿಂಗಳುಗಳ ನಂತರ ಯಾವುದೋ ದಿನ ವಾಲ್ವ್ ಕಳಚಿ ಬಿದ್ದದ್ದುಂಟು. ತಪ್ಪು ಮಾಡಿದವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಇನ್ನೊಂದು ವಿಷಯ ತಿಳಿದಿರಬೇಕು. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್‌ನ 4ಜಿ63 ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. 1989ರ ಮೊದಲ ಮಾಜ್ಡಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ, ಎಂಜಿನ್ ಉಳಿಯುತ್ತದೆ. ಮೊದಲನೆಯದರಲ್ಲಿ ಬೆಲ್ಟ್ ಬದಲಿಸಿದ ದಾಖಲೆ ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ, ಕೊಂಡ ದಿನವೇ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಬೇಕು.

ಎರಡನೆಯ ಹಂತ: ಕಾಗದಪತ್ರಗಳನ್ನು ಓದುವುದು

ಸರ್ವಿಸ್ ಪುಸ್ತಕದ ಮುದ್ರೆಗಳಿಗಿಂತ ಬಿಲ್ಲುಗಳು ಹೆಚ್ಚು ಸತ್ಯ ಹೇಳುತ್ತವೆ. ಪ್ರತಿ ಬಿಲ್ಲಿನಲ್ಲೂ ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ಆಯಿಲ್‌ನ ದರ್ಜೆ ಮತ್ತು ಪ್ರಮಾಣ ಇರುತ್ತದೆ. ಇವುಗಳನ್ನು ಒಂದು ಹಾಳೆಯಲ್ಲಿ ಕಾಲಕ್ರಮವಾಗಿ ಬರೆದುಕೊಂಡರೆ ಕಾರಿನ ಬದುಕು ಕಣ್ಣಿಗೆ ಕಟ್ಟುತ್ತದೆ. ಎರಡು ಆಯಿಲ್ ಬದಲಾವಣೆಗಳ ನಡುವೆ ಅತಿ ಹೆಚ್ಚು ಅಂತರ ಎಲ್ಲಿದೆ ಎಂದು ನೋಡಿ. ಸರಾಸರಿಗಿಂತ ಆ ಒಂದು ಅಂತರವೇ ಮುಖ್ಯ. ಕಂಪನಿ ಹೇಳಿದ ದರ್ಜೆಯ ಆಯಿಲ್ ಹಾಕಿದ್ದಾರೆಯೇ ಎಂಬುದನ್ನೂ ಪರಿಶೀಲಿಸಿ. ಎಸ್54 ಎಂಜಿನ್‌ಗೆ 10ಡಬ್ಲ್ಯು-60 ಎಂಬ ದಪ್ಪ ಆಯಿಲ್ ಸೂಚಿಸಲಾಗಿದೆ. ಅದರ ಬದಲು ಕೈಗೆ ಸಿಕ್ಕ ತೆಳು ಆಯಿಲ್ ಸುರಿದ ಬಿಲ್ಲು ಕಂಡರೆ, ಆ ಕಾರನ್ನು ನೋಡಿಕೊಂಡವರಿಗೆ ಎಂಜಿನ್ ಪರಿಚಯವಿರಲಿಲ್ಲ ಎಂದು ಅರ್ಥ.

ಒಮ್ಮೆ ನಾನು ಹೊಳೆಯುವ ಬಣ್ಣದ, ತೀರ ಕಡಿಮೆ ಓಡಿದ್ದ ಎರಡು ಸೀಟಿನ ಕಾರೊಂದಕ್ಕೆ ಮುಂಗಡ ಕೊಡುವ ಹಂತಕ್ಕೆ ಬಂದಿದ್ದೆ. ಕೊನೆಯ ಗಳಿಗೆಯಲ್ಲಿ ಬಿಲ್ಲುಗಳನ್ನು ಜೋಡಿಸಿದಾಗ ಮೂರು ವರ್ಷ ಒಂದು ಹನಿ ಹೊಸ ಆಯಿಲ್ ಹಾಕಿರಲಿಲ್ಲವೆಂದು ತಿಳಿಯಿತು. ಮಾಲೀಕರು ಪ್ರಾಮಾಣಿಕರೇ. ಓಡಿಸಿಯೇ ಇಲ್ಲವಲ್ಲ, ಏಕೆ ಬದಲಿಸಬೇಕು ಎಂದು ಅವರು ನಿಜವಾಗಿಯೂ ನಂಬಿದ್ದರು. ಆದರೆ ನಿಂತ ಕಾರಿನಲ್ಲೂ ಆಯಿಲ್ ಹಳತಾಗುತ್ತದೆ. ಆಗೊಮ್ಮೆ ಈಗೊಮ್ಮೆ ಐದು ನಿಮಿಷ ಓಡಿಸಿ ನಿಲ್ಲಿಸಿದಾಗ ಉಳಿಯುವ ನೀರಿನ ಪಸೆ ಮತ್ತು ಸುಡದ ಪೆಟ್ರೋಲ್ ಅದರಲ್ಲಿ ಸೇರಿ ಆಮ್ಲಗಳಾಗುತ್ತವೆ, ಆ ಆಮ್ಲ ಬೇರಿಂಗ್‌ನ ಮೇಲ್ಮೈಯನ್ನು ತಿನ್ನುತ್ತದೆ. ಆ ಕಾರನ್ನು ನಾನು ಕೊಳ್ಳಲಿಲ್ಲ.

ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳು ನೋಂದಣಿ ದಾಖಲೆಯೊಂದಿಗೆ ತಾಳೆಯಾಗುತ್ತವೆಯೇ ಎಂದು ಕಾರಿನ ಮೇಲೆಯೇ ನೋಡಬೇಕು. ಎಂಜಿನ್ ಬದಲಾಗಿದ್ದರೆ ಅದು ತಾನಾಗಿಯೇ ಕೆಟ್ಟದ್ದಲ್ಲ, ಆದರೆ ಬದಲಾದ ಎಂಜಿನ್‌ಗೆ ಅದರದೇ ಆದ ಬೇರೆ ಚರಿತ್ರೆ ಬೇಕು.

ಮೂರನೆಯ ಹಂತ: ತಣ್ಣಗಿರುವ ಎಂಜಿನ್

ಕಾರು ನೋಡಲು ಹೋಗುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ. ಅಲ್ಲಿಗೆ ತಲುಪಿದ ಕೂಡಲೇ, ಮಾತಿಗೆ ಮುನ್ನ, ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾವುದೋ ಸದ್ದನ್ನೋ ಹೊಗೆಯನ್ನೋ ಮರೆಮಾಡಲು ಮೊದಲೇ ಓಡಿಸಿರುವ ಸಾಧ್ಯತೆ ಇದೆ. ಜಗಳ ಬೇಡ, ಇನ್ನೊಂದು ದಿನ ಬರುತ್ತೇನೆಂದು ಹೇಳಿ.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಆ ಮಾಲೀಕರು ಅದನ್ನು ನೋಡುವ ಅಭ್ಯಾಸವಿಲ್ಲದವರು. ನನ್ನ ಮಟ್ಟಿಗೆ ಉಳಿದೆಲ್ಲ ಪರೀಕ್ಷೆಗಳಿಗಿಂತ ಇದೊಂದೇ ಹೆಚ್ಚು ಹೇಳುತ್ತದೆ. ಆಯಿಲ್ ಕಪ್ಪಾಗಿರುವುದು ದೋಷವಲ್ಲ. ಬಿಳಿ ಬಟ್ಟೆಗೆ ಒರೆಸಿ ಬಿಸಿಲಿಗೆ ಹಿಡಿದಾಗ ಲೋಹದ ಮಿನುಗು ಕಂಡರೆ ಮಾತ್ರ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಆಯಿಲ್ ತುಂಬುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಕಂಡರೆ ಹಲವರು ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲ್) ಹೋಗಿದೆ ಎಂದುಬಿಡುತ್ತಾರೆ. ಕಡಿಮೆ ದೂರ ಮಾತ್ರ ಓಡುವ ಕಾರುಗಳಲ್ಲಿ ನೀರಿನ ಪಸೆಯಿಂದಲೇ ಅದು ಕಟ್ಟಿಕೊಳ್ಳುವುದುಂಟು. ಡಿಪ್‌ಸ್ಟಿಕ್‌ನಲ್ಲೂ ಅದೇ ಕೆನೆ ಇದ್ದು, ಎಂಜಿನ್ ತಣಿಸುವ ದ್ರವವಾದ ಕೂಲೆಂಟ್‌ನ ಮಟ್ಟವೂ ಇಳಿದಿದ್ದರೆ ಆಗ ಅನುಮಾನ ಗಟ್ಟಿಯಾಗುತ್ತದೆ. ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಬೇಕು. ದ್ರವ ಸ್ವಚ್ಛವಾಗಿ, ತನ್ನ ಬಣ್ಣದಲ್ಲೇ ಇರಬೇಕು. ತುಕ್ಕಿನ ಕಂದು, ಆಯಿಲ್‌ನ ಜಿಡ್ಡು, ಅಥವಾ ಬರಿಯ ನೀರು, ಇವು ಮೂರೂ ಬೇಡವಾದವು.

ಈಗ ಕಾರಿನ ಹಿಂದೆ ನೀವು ನಿಂತು, ಸ್ಟಾರ್ಟ್ ಮಾಡಲು ಇನ್ನೊಬ್ಬರಿಗೆ ಹೇಳಿ. ಮೊದಲ ಎರಡು ಮೂರು ಸೆಕೆಂಡುಗಳು ಅತ್ಯಮೂಲ್ಯ. ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆಯ ಒಂದು ಉಂಡೆ ಬಂದು ಮಾಯವಾದರೆ ರಾತ್ರಿಯಿಡೀ ವಾಲ್ವ್ ಸೀಲ್‌ಗಳ ಮೂಲಕ ಆಯಿಲ್ ಜಿನುಗಿದೆ ಎಂದು ತಿಳಿಯಬಹುದು. ಜೋರಾಗಿ ಎಳೆಯುವಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್‌ಗಳ ಕಡೆಗೆ ಬೊಟ್ಟು ಮಾಡುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡ್‌ಗಳು ಸವೆದಿರುತ್ತವೆ. ಟರ್ಬೊ ಇರುವ ಕಾರಿನಲ್ಲಿ ಅದರ ಆಯಿಲ್ ಸೀಲ್‌ಗಳನ್ನೂ ಸಂಶಯಿಸಬೇಕು. ಚಳಿಯ ಬೆಳಗಿನಲ್ಲಿ ಬಿಳಿಯ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಸುಡುತ್ತಿದೆ.

ಕಿವಿಯ ಕೆಲಸವೂ ಅಷ್ಟೇ ಮುಖ್ಯ. ತಣ್ಣಗಿರುವಾಗ ಟಕಟಕ ಎಂದು ಬಡಿದು ಬಿಸಿಯಾದಂತೆ ಕ್ಷೀಣಿಸುವ ಸದ್ದು ಪಿಸ್ಟನ್ ಸಿಲಿಂಡರ್ ಗೋಡೆಗೆ ತಾಗುವುದರದ್ದಿರಬಹುದು. ಕೆಲವು ಎಂಜಿನ್‌ಗಳು ಹಾಗೆಯೇ ದೀರ್ಘಕಾಲ ಬಾಳುತ್ತವೆ. ಸ್ಟಾರ್ಟ್ ಆದೊಡನೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಸರಪಳಿ ಗಲಗಲಿಸಿದಂತೆ ಕೇಳಿದರೆ ಟೈಮಿಂಗ್ ಚೈನ್ ಅನ್ನು ಬಿಗಿಯಾಗಿಡುವ ಟೆನ್ಷನರ್ ದುರ್ಬಲಗೊಂಡಿದೆ. ಎಲ್ಲಕ್ಕಿಂತ ಭಯಪಡಬೇಕಾದದ್ದು ಕೆಳಭಾಗದಿಂದ ಬರುವ ಆಳವಾದ, ಮಂದವಾದ ಬಡಿತ. ಬಿಸಿಯಾದಂತೆ ಕಡಿಮೆಯಾಗುವ ಬದಲು ಅದು ಹೆಚ್ಚುತ್ತದೆ. 2,500ರಿಂದ 3,000 ಆರ್‌ಪಿಎಂನಲ್ಲಿ ಹಿಡಿದು ಆಕ್ಸಿಲರೇಟರ್ ಬಿಡುವ ಕ್ಷಣದಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳುತ್ತದೆ. ಅದು ಕನೆಕ್ಟಿಂಗ್ ರಾಡ್ ಬೇರಿಂಗ್‌ನ ಸದ್ದು. ಅಂಥ ಕಾರನ್ನು ಎಂಜಿನ್ ಇಲ್ಲದ ಕಾರಿನ ಬೆಲೆಗೆ ಮಾತ್ರ ಕೊಳ್ಳಬಹುದು.

ನಾಲ್ಕನೆಯ ಹಂತ: ಕಂಪ್ಯೂಟರ್ ಏನು ಹೇಳುತ್ತದೆ

ಕಾರಿನ ಕಂಪ್ಯೂಟರ್‌ಗೆ ಜೋಡಿಸಿ ದೋಷಗಳನ್ನು ಓದುವ ಓಬಿಡಿ ರೀಡರ್ ಇಂದು ಎಲ್ಲರ ಕೈಗೆಟುಕುವ ಉಪಕರಣ. ದೋಷದ ಕೋಡ್‌ಗಳು ಇಲ್ಲ ಎಂಬುದಷ್ಟರಿಂದ ಸಮಾಧಾನಪಡಬಾರದು, ಏಕೆಂದರೆ ಅರ್ಧ ಗಂಟೆ ಮುಂಚೆ ಅಳಿಸಿರಬಹುದು. ಕಾರಿನ ಸ್ವಪರೀಕ್ಷೆಗಳು ಪೂರ್ಣವಾಗಿವೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳನ್ನು ನೋಡಿ. ಹಲವು ಇನ್ನೂ ಅಪೂರ್ಣ ಎಂದು ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಲಾಗಿದೆ ಅಥವಾ ಬ್ಯಾಟರಿ ಕಳಚಲಾಗಿದೆ. ದೀರ್ಘಾವಧಿ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಪ್ರಮಾಣದಲ್ಲಿ ಮಾಡಿಕೊಂಡ ಹೆಚ್ಚು ಕಡಿಮೆ) ಸೊನ್ನೆಯ ಆಚೀಚೆ ಶೇ. 5ರೊಳಗಿದ್ದರೆ ಒಳ್ಳೆಯದು, ಸೊನ್ನೆಯಿಂದ ಮೇಲಕ್ಕೆ ಶೇ. 10 ದಾಟಿದ್ದರೆ ಗಾಳಿಯ ಸೋರಿಕೆಯೋ ಇಂಧನದ ಕೊರತೆಯೋ ಇರುವ ಸಾಧ್ಯತೆ ಹೆಚ್ಚು. ಕೆಲವು ಕಾರುಗಳ ಕಂಪ್ಯೂಟರ್ ಇನ್ನೂ ಮುಂದೆ ಹೋಗುತ್ತದೆ: ಪೋರ್ಷೆ ಕಾರುಗಳಲ್ಲಿ ಎಂಜಿನ್ ಮಿತಿಮೀರಿ ತಿರುಗಿದ ಘಟನೆಗಳು ಎಷ್ಟು, ಯಾವ ಮಟ್ಟದವು, ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ನಡೆದವು ಎಂಬುದೆಲ್ಲ ದಾಖಲಾಗಿರುತ್ತದೆ. ಹೋಂಡಾ ಉದಾಹರಣೆಯಲ್ಲಿ ಹೇಳಿದ ತಪ್ಪು ಗೇರ್‌ನ ಅಪಘಾತವನ್ನು ಪತ್ತೆ ಮಾಡಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಐದನೆಯ ಹಂತ: ಓಡಿಸಿ ನೋಡುವುದು

ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಕೂಲೆಂಟ್‌ನ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಆಯಿಲ್ ಬಿಸಿಯಾಯಿತೆಂದು ಅಲ್ಲ. ಅದಕ್ಕೆ ಇನ್ನೂ ಹತ್ತು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ 3,000 ಆರ್‌ಪಿಎಂ ದಾಟಿಸದಿರಿ. ಮೊದಲು ಮಾಲೀಕರಿಗೇ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳುವುದು ಇನ್ನೂ ಒಳ್ಳೆಯದು. ತಣ್ಣಗಿರುವ ಎಂಜಿನ್ ಅನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಅಲ್ಲಿಯೇ ಕಾಣುತ್ತದೆ.

ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಕೆಂಪು ಗೆರೆಯ ಹತ್ತಿರದವರೆಗೆ ಒಮ್ಮೆ ಪೂರ್ತಿ ಎಳೆಸಿ. ಎಳೆತ ಒಂದೇ ಸಮನೆ ಏರಬೇಕು, ನಡುವೆ ತೊದಲಬಾರದು, ಟರ್ಬೊ ಇದ್ದರೆ ಒತ್ತಡ ಏರಿ ಬೀಳಬಾರದು. ಆಯಿಲ್ ಒತ್ತಡದ ಮೀಟರ್ ಇದ್ದರೆ, ಬಿಸಿಯಾದ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇರಬೇಕೆಂಬ ಹಳೆಯ ಸ್ಥೂಲ ನಿಯಮ ಈಗಲೂ ಉಪಯುಕ್ತ. ಆದರೆ ಆಯಾ ಎಂಜಿನ್‌ಗೆ ಕಂಪನಿ ಕೊಟ್ಟ ಅಂಕಿಯೇ ಅಂತಿಮ. ವಾಪಸ್ ಬಂದ ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟು, ರೇಡಿಯೇಟರ್ ಫ್ಯಾನ್ ತಾನಾಗಿ ಓಡಿ ನಿಲ್ಲುವವರೆಗೆ ಕಾಯಿರಿ. ನಂತರ ಎಂಜಿನ್ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಮಾತ್ರ ಕಾಣಿಸುವ ತೊಂದರೆಗಳು ಹೊರಬರುವುದು ಆಗಲೇ.

ಆರನೆಯ ಹಂತ: ಅಳತೆಯ ಪರೀಕ್ಷೆಗಳು

ಇಲ್ಲಿಯವರೆಗಿನದು ಕಣ್ಣು, ಕಿವಿ, ಮೂಗಿನ ಕೆಲಸ. ಕಾರು ಇಷ್ಟವಾಗಿದ್ದರೆ ಹಣ ಕೊಡುವ ಮುನ್ನ ಅದನ್ನು ಆ ಎಂಜಿನ್ ಬಲ್ಲ, ಮಾರುವವರಿಗೆ ಸಂಬಂಧಿಸದ ಮೆಕ್ಯಾನಿಕ್ ಬಳಿ ಕೊಂಡೊಯ್ಯಬೇಕು. ಇದರ ಖರ್ಚು ನಿಮ್ಮದು. ಉಳಿಸಲು ಹೋಗಬೇಡಿ.

ಕಂಪ್ರೆಶನ್ ಪರೀಕ್ಷೆಯನ್ನು ಸರಿಯಾಗಿ ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಪೂರೈಕೆಯನ್ನು ತಡೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಒತ್ತಡ ಬರುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕರಲ್ಲಿ ಮೂರು 12.5 ಬಾರ್ ತೋರಿಸಿ ಒಂದು 9.8 ತೋರಿಸಿದರೆ ಆ ಸಿಲಿಂಡರ್ ಕಾಯಿಲೆ ಬಿದ್ದಿದೆ. ಎಲ್ಲವೂ ಶೇ. 10ರ ಒಳಗೆ ಸಮವಾಗಿರಬೇಕು. ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಟೀ ಚಮಚದಷ್ಟು ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ದೋಷ ರಿಂಗ್‌ಗಳಲ್ಲಿದೆ, ಏರದಿದ್ದರೆ ವಾಲ್ವ್‌ನಲ್ಲೋ ಗ್ಯಾಸ್ಕೆಟ್‌ನಲ್ಲೋ ಇದೆ.

ಲೀಕ್‌ಡೌನ್ ಪರೀಕ್ಷೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಪಿಸ್ಟನ್ ಅನ್ನು ಕಂಪ್ರೆಶನ್‌ನ ತುದಿಯಲ್ಲಿ ನಿಲ್ಲಿಸಿ ಪ್ಲಗ್‌ನ ರಂಧ್ರದಿಂದ ಗಾಳಿಯ ಒತ್ತಡ ಕೊಟ್ಟು, ಅದರಲ್ಲಿ ಶೇಕಡಾ ಎಷ್ಟು ಸೋರುತ್ತದೆ ಎಂದು ನೋಡುತ್ತಾರೆ. ಶೇ. 10ರೊಳಗೆ ಇದ್ದರೆ ಒಳ್ಳೆಯ ಎಂಜಿನ್, ಶೇ. 20 ದಾಟಿದರೆ ಸವೆದ ಎಂಜಿನ್. ಗಾಳಿ ಎಲ್ಲಿಂದ ಹೊರಬರುತ್ತದೆ ಎಂದು ಕಿವಿಗೊಟ್ಟು ಕೇಳಬಹುದಾದದ್ದೇ ಇದರ ದೊಡ್ಡ ಗುಣ. ಆಯಿಲ್ ಮುಚ್ಚಳದಲ್ಲಿ ಸುಯ್ಗುಟ್ಟಿದರೆ ರಿಂಗ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ಕೊಳವೆಯಲ್ಲಾದರೆ ಇನ್‌ಟೇಕ್ ವಾಲ್ವ್, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ಆದರೆ ಈ ಎರಡೂ ಪರೀಕ್ಷೆಗಳು ಸಿಲಿಂಡರ್‌ನ ಮೇಲ್ಭಾಗವನ್ನಷ್ಟೇ ನೋಡುತ್ತವೆ. ಬೇರಿಂಗ್‌ಗಳ ಬಗ್ಗೆ ಅವು ಒಂದು ಮಾತನ್ನೂ ಆಡುವುದಿಲ್ಲ. ಕಂಪ್ರೆಶನ್ ಅತ್ಯುತ್ತಮವಾಗಿದ್ದ ಎಂಜಿನ್ ಮರುವಾರವೇ ರಾಡ್ ಮುರಿದುಕೊಳ್ಳಲು ಸಾಧ್ಯವಿದೆ. ಅದಕ್ಕಾಗಿ ಆಯಿಲ್ ಅನ್ನೇ ಪರೀಕ್ಷಿಸಬೇಕು. ಬಿಸಿ ಆಯಿಲ್ ಇಳಿಸುವಾಗ ನಡುವಿನ ಧಾರೆಯಿಂದ ಹಿಡಿದ ಸಣ್ಣ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿರುವ ಲೋಹಗಳ ಪ್ರಮಾಣ ತಿಳಿಯುತ್ತದೆ. ತಾಮ್ರ, ಸೀಸ, ತವರ ಹೆಚ್ಚಿದ್ದರೆ ಬೇರಿಂಗ್ ಸವೆತ, ಕಬ್ಬಿಣ ಹೆಚ್ಚಿದ್ದರೆ ಸಿಲಿಂಡರ್, ಕ್ರ್ಯಾಂಕ್ ಅಥವಾ ಕ್ಯಾಮ್‌ಶಾಫ್ಟ್, ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳು, ಸೋಡಿಯಂ ಅಥವಾ ಪೊಟ್ಯಾಸಿಯಂ ಇದ್ದರೆ ಕೂಲೆಂಟ್ ಸೇರಿರುವ ಅನುಮಾನ. ಈಚಿನ ಅನೇಕ ಬೇರಿಂಗ್‌ಗಳಲ್ಲಿ ಸೀಸವನ್ನೇ ಬಳಸುವುದಿಲ್ಲವಾದ್ದರಿಂದ ಸೀಸ ಕಾಣದ ಮಾತ್ರಕ್ಕೆ ಬೇರಿಂಗ್ ಸುರಕ್ಷಿತ ಎನ್ನಲಾಗದು. ಆ ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ ಎಂಬುದು ಗೊತ್ತಿಲ್ಲದಿದ್ದರೆ ಅಂಕಿಗಳಿಗೆ ಅರ್ಥವಿಲ್ಲ. ನಿನ್ನೆ ಹಾಕಿದ ಆಯಿಲ್ ಯಾವಾಗಲೂ ಶುದ್ಧವಾಗಿಯೇ ಇರುತ್ತದೆ. ಆದ್ದರಿಂದ ಮಾರಾಟಕ್ಕೆ ಮುನ್ನ ಹೊಸ ಆಯಿಲ್ ಹಾಕಿಸಿದ್ದಾರೆ ಎಂಬುದು ಕೇಳಲು ಚೆಂದವಾದರೂ ಪರೀಕ್ಷಕರಿಗೆ ನಷ್ಟವೇ. ಅಂಥಲ್ಲಿ ಹಳೆಯ ಆಯಿಲ್ ಫಿಲ್ಟರ್ ಉಳಿದಿದೆಯೇ ಎಂದು ಕೇಳಿ. ಅದನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿದರೆ ಲೋಹದ ಚೂರುಗಳಿದ್ದಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಅಯಸ್ಕಾಂತಕ್ಕೆ ಅಂಟುವುದು ಉಕ್ಕು, ಅಂಟದೆ ಹೊಳೆಯುವುದು ಬೇರಿಂಗ್ ಅಥವಾ ಅಲ್ಯೂಮಿನಿಯಂ.

ಪ್ಲಗ್‌ಗಳನ್ನು ತೆಗೆದಿರುವಾಗಲೇ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಸಿಲಿಂಡರ್ ಗೋಡೆಗಳನ್ನು ನೋಡುವುದನ್ನು ಮರೆಯಬೇಡಿ. ಉದ್ದುದ್ದ ಗೀರುಗಳು ಇರಬಾರದು.

ಮಾರ್ಪಾಡು ಮಾಡಿದ ಕಾರುಗಳು

ಟ್ಯೂನಿಂಗ್ ಮಾಡಿಸಿದ ಕಾರೆಲ್ಲ ಕೆಟ್ಟದ್ದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರು ಮಾಡಿದರು, ಯಾವಾಗ, ಯಾವ ಬಿಡಿಭಾಗಗಳೊಂದಿಗೆ, ನಂತರ ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಪರೀಕ್ಷಿಸಿದ ಹಾಳೆ ಇದೆಯೇ ಎಂಬುದಕ್ಕೆಲ್ಲ ಉತ್ತರವಿದ್ದರೆ ಅಂಥ ಕಾರು ಯೋಗ್ಯವೇ ಆಗಿರಬಹುದು. ಹೆದರಬೇಕಾದದ್ದು ಮಾರ್ಪಾಡು ಮಾಡಿ, ಜೋರಾಗಿ ಓಡಿಸಿ, ಮಾರುವ ಮುನ್ನ ಎಲ್ಲವನ್ನೂ ಕಳಚಿ ಮೊದಲಿನಂತೆ ಮಾಡಿದ ಕಾರಿಗೆ. ಹಳೆಯ ಎಂಜಿನ್ ಕೋಣೆಯಲ್ಲಿ ಒಂದೆರಡು ಹೊಚ್ಚಹೊಸ ಕ್ಲಾಂಪ್‌ಗಳು, ಟರ್ಬೊ ಕೊಳವೆಯ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು, ಮೀಟರ್ ಕೂರಿಸಲು ಕೊರೆದು ಮುಚ್ಚಿದ ರಂಧ್ರ, ಇಂಥವು ಗುಟ್ಟು ಬಿಟ್ಟುಕೊಡುತ್ತವೆ. ಬ್ರೇಕ್ ಡಿಸ್ಕ್‌ಗಳಲ್ಲಿ ಬಿಸಿಯಿಂದಾದ ಸೂಕ್ಷ್ಮ ಬಿರುಕುಗಳು, ಟೈರ್‌ಗಳ ಹೊರ ಅಂಚು ಮಾತ್ರ ಸವೆದಿರುವುದು ರೇಸ್ ಟ್ರ್ಯಾಕ್‌ನಲ್ಲಿ ಓಡಿದ ಗುರುತುಗಳು. ಉದ್ದನೆಯ ತಿರುವುಗಳಲ್ಲಿ ಆಯಿಲ್, ಎಂಜಿನ್‌ನ ತಳದ ತೊಟ್ಟಿಯಾದ ಸಂಪ್‌ನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದುಕೊಳ್ಳುವುದುಂಟು. ಟ್ರ್ಯಾಕ್ ಕಾರಿನಲ್ಲಿ ಬೇರಿಂಗ್‌ಗಳನ್ನು ಹೆಚ್ಚು ಅನುಮಾನಿಸಲು ಕಾರಣ ಇದೇ.

ಕೊಂಡ ನಂತರ

ಹಿಂದಿನವರು ಏನೇ ಹೇಳಿರಲಿ, ಮೊದಲ ವಾರದಲ್ಲೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಎಲ್ಲವನ್ನೂ ಬದಲಿಸಿ. ಇಂದಿನಿಂದ ಚರಿತ್ರೆ ನಿಮ್ಮದು. ಕಾರಿನ ಬೆಲೆಯ ಹತ್ತರಲ್ಲೊಂದು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ಬೇರೆ ಎತ್ತಿಟ್ಟಿರಬೇಕು. ಅಷ್ಟು ಉಳಿಯದಿದ್ದರೆ ಇನ್ನೂ ಅಗ್ಗದ ಕಾರು ಹುಡುಕುವುದು ಜಾಣತನ. ಆಯಿಲ್ ಬದಲಿಸಲು ಕಂಪನಿ ಎಷ್ಟೇ ದೀರ್ಘ ಅವಧಿ ಕೊಟ್ಟಿದ್ದರೂ 8,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದನ್ನು ಮೀರದಿರುವುದು ನನ್ನ ರೂಢಿ. ಇಂಧನವನ್ನು ಸಿಲಿಂಡರ್‌ನೊಳಕ್ಕೇ ಚಿಮುಕಿಸುವ ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲದ ಕಿಟ್ಟ ಕಟ್ಟುತ್ತದೆ. ಐಡಲ್ ಒರಟಾಗುತ್ತ ಬಂದರೆ ಅದನ್ನು ಶುಚಿಗೊಳಿಸುವ ಕಾಲ ಬಂದಿದೆ.

ಪ್ರತಿದಿನದ ನಡವಳಿಕೆ ಸರಳ. ಸ್ಟಾರ್ಟ್ ಮಾಡಿ ನಿಲ್ಲಿಸಿಕೊಂಡು ಕಾಯುವ ಅಗತ್ಯವಿಲ್ಲ. ಅರ್ಧ ನಿಮಿಷದ ನಂತರ ಮೆಲ್ಲಗೆ ಹೊರಡಿ, ಆಯಿಲ್ ಬಿಸಿಯಾಗುವವರೆಗೆ ಎಂಜಿನ್ ಮೇಲೆ ಭಾರ ಹಾಕಬೇಡಿ. ಟರ್ಬೊ ಕಾರನ್ನು ಜೋರಾಗಿ ಓಡಿಸಿದ್ದರೆ ಕೊನೆಯ ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಬನ್ನಿ. ಬಿಸಿಯಾದ ಎಂಜಿನ್ ಅನ್ನು ಆಗಾಗ ಪೂರ್ತಿ ತಿರುಗಿಸುವುದರಲ್ಲಿ ತಪ್ಪಿಲ್ಲ, ಅದು ಹುಟ್ಟಿದ್ದೇ ಅದಕ್ಕಾಗಿ.

ಕಾರಿನೊಳಗೆ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು, ಎರಡು ಬಾರಿ ಪೆಟ್ರೋಲ್ ತುಂಬಿಸಿದಾಗಲೊಮ್ಮೆ ಸಮತಟ್ಟಾದ ನೆಲದಲ್ಲಿ ಆಯಿಲ್ ಮಟ್ಟ ನೋಡಿ, ಸೇರಿಸಿದ ಪ್ರಮಾಣವನ್ನು ಕಿಲೋಮೀಟರ್ ಸಹಿತ ಬರೆಯಿರಿ. 1,000 ಕಿ.ಮೀ.ಗೆ ಕಾಲು ಲೀಟರ್ ಕುಡಿಯುವ ಎಂಜಿನ್ ವರ್ಷಗಟ್ಟಲೆ ಹಾಗೆಯೇ ಕುಡಿಯುತ್ತಿದ್ದರೆ ಚಿಂತೆಯಿಲ್ಲ. ಅದೇ ಎಂಜಿನ್ ಆರು ತಿಂಗಳಲ್ಲಿ ಕಾಲಿನಿಂದ ಅರ್ಧಕ್ಕೆ, ಅರ್ಧದಿಂದ ಮುಕ್ಕಾಲಿಗೆ ಏರಿದರೆ, ಹೊಗೆ ಕಾಣದಿದ್ದರೂ, ಎಳೆತ ಮೊದಲಿನಂತೆಯೇ ಇದ್ದರೂ, ಮುಂದಿನ ಆಯಿಲ್ ಬದಲಾವಣೆಯವರೆಗೆ ಕಾಯದೆ ಮತ್ತೊಮ್ಮೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ, ಕೊಂಡ ದಿನದ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದು ಹೋಲಿಸಿ ನೋಡಿ.